ನಿನ್ನೆಯ ಮಾತು, ಇಂದಿನ ಸಾಕ್ಷಿ

"ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತಾ ಬಂದಿದ್ದೇವೆ. ಆಡಿದ ಮಾತನ್ನು ಹಿಂದಕ್ಕೆ ಪಡೆಯಲಾಗದು, ಆದುದರಿಂದ ಅಳೆದು ತೂಗಿ ಆಡಬೇಕು ಎಂಬುದು ಅದರ ಸಾರ. ಮನೆಯೊಳಗೆ ಆಡಿದ ಮಾತು ಹೆಚ್ಚೆಂದರೆ ಮನೆಯವರ ನೆನಪಿನಲ್ಲಿ ಉಳಿದೀತು. ಆದರೆ ನ್ಯಾಯಾಲಯದ ಕಟಕಟೆಯಲ್ಲಿ ನಿಂತು, ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿ ಆಡಿದ ಮಾತು ಕಾಗದದ ಮೇಲೆ ಇಳಿಯುತ್ತದೆ; ಅದರ ಕೆಳಗೆ ಸಹಿ ಬೀಳುತ್ತದೆ; ಅದು ಕಡತವನ್ನು ಸೇರುತ್ತದೆ. ಕೆಲವು ವರ್ಷಗಳ ತರುವಾಯ ಬೇರೊಂದು ವ್ಯಾಜ್ಯದಲ್ಲಿ, ಬೇರೊಬ್ಬ ಅಧಿಕಾರಿಯ ಮುಂದೆ ಅದೇ ಕಾಗದವನ್ನು ಹಿಡಿದು ಒಬ್ಬ ವಕೀಲರು ಕೇಳಬಹುದು: "ಅಂದು ನೀವು ಹೇಳಿದ್ದು ಇದಲ್ಲವೇ? ಹಾಗಾದರೆ ಇಂದು ಹೇಳುತ್ತಿರುವುದು ಸುಳ್ಳಲ್ಲವೇ?"

ಈ ಪ್ರಶ್ನೆ ನ್ಯಾಯವಾದುದೇ? ಒಬ್ಬ ಮನುಷ್ಯನ ನಿನ್ನೆಯ ಮಾತನ್ನು ಇಂದು ಅವನ ವಿರುದ್ಧವೇ ಬಳಸಲು ನಮಗೆ ಎಷ್ಟರಮಟ್ಟಿಗೆ ಹಕ್ಕಿದೆ? ಕೆಲಸದಲ್ಲಿ ಗಾಯಗೊಂಡ ಕಾರ್ಮಿಕನ ಪರಿಹಾರದ ವಿಚಾರಣೆಯಲ್ಲಿ ಈ ಪ್ರಶ್ನೆ ಎದುರಾದಾಗ ಅದು ಬಹಳ ಭಾರವಾಗುತ್ತದೆ. ಏಕೆಂದರೆ ಅಲ್ಲಿ ತಕ್ಕಡಿಯ ಒಂದು ಬದಿಯಲ್ಲಿ ಸತ್ಯವೂ ಇನ್ನೊಂದು ಬದಿಯಲ್ಲಿ ಒಂದು ಕುಟುಂಬದ ಅನ್ನವೂ ಇರುತ್ತವೆ. ಈ ವಿಷಯವನ್ನು ತಮ್ಮೊಡನೆ ಕುಳಿತು ಯೋಚಿಸಬೇಕೆಂಬುದು ಈ ಲೇಖನದ ಉದ್ದೇಶ.

ಒಂದು ಉದಾಹರಣೆ

ಒಬ್ಬ ಲಾರಿ ಕ್ಲೀನರನನ್ನು ಕಲ್ಪಿಸಿಕೊಳ್ಳಿ. ಕೆಲವು ವರ್ಷಗಳ ಹಿಂದೆ, ಮುರಕಲ್ಲು ಹೇರಿಕೊಂಡು ಹೊರಟ ಲಾರಿ ತಿರುವಿನಲ್ಲಿ ಮಗುಚಿ, ಅವನ ಕಾಲು ಜಜ್ಜಿಹೋಗುತ್ತದೆ. ಪೊಲೀಸರು ಚಾಲಕನ ಮೇಲೆ ಅಜಾಗರೂಕ ಚಾಲನೆಯ ಮೊಕದ್ದಮೆ ದಾಖಲಿಸುತ್ತಾರೆ. ಆ ಚಾಲಕ ಬೇರೆ ಯಾರೂ ಅಲ್ಲ, ಇವನಿಗೆ ಕೆಲಸ ಕಲಿಸಿದವನು, ನೆರೆಮನೆಯವನು, ಇವನು "ಅಣ್ಣ" ಎಂದು ಕರೆಯುವವನು. ಲಾರಿಯ ಧಣಿ ಆಸ್ಪತ್ರೆಯ ಬಿಲ್ಲು ಕಟ್ಟುತ್ತಾರೆ, ಒಂದಷ್ಟು ಕಾಲ ಮನೆಗೆ ಅಕ್ಕಿ ಸಾಮಾನು ಕಳುಹಿಸುತ್ತಾರೆ. ಚಾಲಕನ ಮೊಕದ್ದಮೆ ಮ್ಯಾಜಿಸ್ಟ್ರೇಟರ ಮುಂದೆ ವಿಚಾರಣೆಗೆ ಬಂದಾಗ ಧಣಿಯೇ ಬಂದು ಹೇಳುತ್ತಾರೆ: "ಕೇಸು ಗಟ್ಟಿಯಾದರೆ ಅವನ ಲೈಸೆನ್ಸ್ ಹೋಗುತ್ತದೆ, ಅವನ ಹೆಂಡತಿ ಮಕ್ಕಳು ಬೀದಿಗೆ ಬರುತ್ತಾರೆ. ನೀನು ನಿದ್ದೆಯಲ್ಲಿದ್ದೆ ಎಂದು ಹೇಳು ಮಾರಾಯ. ಸುಮ್ಮನೆ ಊರಿಗೆ ಹೋಗಲು ಗಾಡಿ ಹತ್ತಿದ್ದೆ ಎಂದುಬಿಡು. ಮಿಕ್ಕದ್ದು ನಾನು ನೋಡಿಕೊಳ್ಳುತ್ತೇನೆ." ದಾಖಲೆಯಿಲ್ಲದೆ ಇಟ್ಟುಕೊಂಡ ಆಳಿನ ವಿಷಯ ಹೊರಬಾರದಿರಲಿ ಎಂಬ ಅಂಜಿಕೆ ಧಣಿಗೂ ಉಂಟು.

ಯುವಕ ಹಾಗೆಯೇ ಸಾಕ್ಷ್ಯ ಹೇಳುತ್ತಾನೆ. ಅವನ ಸಾಕ್ಷ್ಯದಲ್ಲಿ ಮೂರು ಮಾತುಗಳು ದಾಖಲಾಗುತ್ತವೆ: ನಾನು ನಿದ್ದೆಯಲ್ಲಿದ್ದೆ, ಅಪಘಾತ ಹೇಗಾಯಿತೆಂದು ತಿಳಿಯದು, ಚಾಲಕನ ತಪ್ಪಿಲ್ಲ, ಆ ಲಾರಿಯಲ್ಲಿ ನಾನು ನನ್ನ ಊರಿಗೆ ಹೋಗುತ್ತಿದ್ದೆ. ಚಾಲಕ ಬಿಡುಗಡೆ ಹೊಂದುತ್ತಾನೆ. ತಿಂಗಳುಗಳು ಉರುಳುತ್ತವೆ, ಅಕ್ಕಿ ಸಾಮಾನು ನಿಲ್ಲುತ್ತದೆ, ಧಣಿ ದೂರವಾಣಿಗೆ ಸಿಗದಂತಾಗುತ್ತಾರೆ. ಕಾಯ್ದೆ ಕೊಟ್ಟ ಎರಡು ವರ್ಷಗಳ ಅವಧಿ ಮುಗಿಯುವ ಮುನ್ನ ಯುವಕ ಪರಿಹಾರಕ್ಕಾಗಿ ಅರ್ಜಿ ಹಾಕುತ್ತಾನೆ. "ನಾನು ಆ ಲಾರಿಯ ಕ್ಲೀನರ್, ಕೆಲಸದ ವೇಳೆಯಲ್ಲೇ ಗಾಯವಾಯಿತು" ಎನ್ನುತ್ತಾನೆ. ಇದು ಸತ್ಯ. ಆದರೆ ಪಾಟೀಸವಾಲಿನ ದಿನ ವಿಮಾ ಕಂಪನಿಯ ವಕೀಲರ ಕೈಯಲ್ಲಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ದೃಢೀಕೃತ ಪ್ರತಿಯಿರುತ್ತದೆ.

ಪ್ರಿಯ ವಾಚಕರೇ, ಇವನನ್ನು ನಂಬುವಿರಾ? ಪ್ರಮಾಣ ಮಾಡಿ ಒಮ್ಮೆ ಸುಳ್ಳು ಹೇಳಿದವನು ಎಂಬುದಂತೂ ನಿಜ. ಅಂದು ಸುಳ್ಳು, ಇಂದು ಸತ್ಯ ಎಂದು ಅವನು ಹೇಳಿದರೆ, ಅದರ ತಿರುವುಮುರುವು ಏಕಾಗಬಾರದು ಎಂದು ಯಾರಾದರೂ ಕೇಳಿದರೆ ಉತ್ತರವೇನು?

ಪರಿಹಾರದ ಕಾಯ್ದೆ ಕೇಳುವುದೇನು?

ಉತ್ತರಕ್ಕೆ ಮುನ್ನ ಆ ಕಾಯ್ದೆಯ ಹಿನ್ನೆಲೆಯನ್ನು ತುಸು ತಿಳಿಯುವುದು ಅವಶ್ಯ. ಕಾರ್ಮಿಕರ ಪರಿಹಾರ ಕಾಯ್ದೆ ನಮ್ಮ ದೇಶದಲ್ಲಿ 1923ರಲ್ಲಿ ರೂಪುಗೊಂಡು 1924ರ ಜುಲೈ 1ರಂದು ಜಾರಿಗೆ ಬಂದಿತು. 2009ರ ತಿದ್ದುಪಡಿಯಿಂದ ಅದು ಉದ್ಯೋಗಿಗಳ ಪರಿಹಾರ ಕಾಯ್ದೆ ಎಂಬ ಹೆಸರು ಪಡೆಯಿತು. 2025ರ ನವೆಂಬರ್ 21ರಂದು ಜಾರಿಯಾದ 2020ರ ಸಾಮಾಜಿಕ ಭದ್ರತಾ ಸಂಹಿತೆ ಈಗ ಅದರ ಸ್ಥಾನವನ್ನು ವಹಿಸಿಕೊಂಡಿದೆ. ಹಳೆಯ ಕಾಯ್ದೆಯಲ್ಲಿ ಆಯುಕ್ತರು ವಿಚಾರಣೆ ನಡೆಸುತ್ತಿದ್ದರು. ಹೊಸ ಸಂಹಿತೆ ಆ ಹೊಣೆಯನ್ನು ಸಕ್ಷಮ ಪ್ರಾಧಿಕಾರಿಗೆ ಒಪ್ಪಿಸಿದೆ.

ಈ ಕಾನೂನಿನ ಹೃದಯ ಒಂದೇ: ಉದ್ಯೋಗದ ನಿಮಿತ್ತ, ಉದ್ಯೋಗದ ಅವಧಿಯಲ್ಲಿ ಅಪಘಾತವಾದರೆ, ಯಾರ ತಪ್ಪು ಎಂದು ಸಾಮಾನ್ಯವಾಗಿ ಕೇಳದೆ ಮಾಲೀಕ ಪರಿಹಾರ ಕೊಡಬೇಕು. ಕುಡಿದ ಅಮಲು, ಸುರಕ್ಷತಾ ನಿಯಮದ ಉದ್ದೇಶಪೂರ್ವಕ ಉಲ್ಲಂಘನೆ ಮುಂತಾದ ಕೆಲವು ವಿನಾಯಿತಿಗಳುಂಟು. ಆದರೆ ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಉಂಟಾದಾಗ ಅವೂ ಅಡ್ಡಬರುವುದಿಲ್ಲ. 1923ರ ಕಾಯ್ದೆಯ ಪಟ್ಟಿ ದೇಹದ ಒಂದೊಂದು ಅಂಗಕ್ಕೂ ಲೆಕ್ಕ ಬರೆದಿತ್ತು: ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇಕಡಾ 14. ಆದರೂ ಲೆಕ್ಕಕ್ಕಿಂತ ಮನುಷ್ಯ ದೊಡ್ಡವನು ಎಂದು ಸುಪ್ರೀಂ ಕೋರ್ಟ್ 1975ರ ಡಿಸೆಂಬರಿನಲ್ಲಿ ತೋರಿಸಿಕೊಟ್ಟಿತು. ಚಿತ್ರಮಂದಿರವೊಂದರ ಅಲಂಕಾರದ ಕೆಲಸದಲ್ಲಿ ಬಿದ್ದು ಎಡಗೈಯನ್ನು ಮೊಣಕೈಯಿಂದ ಮೇಲಕ್ಕೆ ಕಳೆದುಕೊಂಡ ಬಡಗಿಯೊಬ್ಬನ ಪ್ರಕರಣ ಅದು. ಒಂದೇ ಕೈಯಿಂದ ಬಡಗಿಯ ಕೆಲಸ ಸಾಧ್ಯವಿಲ್ಲವಾದ್ದರಿಂದ ಅವನ ನಷ್ಟ ಪೂರ್ಣ ನಷ್ಟವೇ ಎಂದು ನ್ಯಾಯಾಲಯ ತೀರ್ಮಾನಿಸಿತು.

ಇಂಥ ವಿಚಾರಣೆಯಲ್ಲಿ ಸಾಕ್ಷಿಯನ್ನು ನಂಬುವ ಅಥವಾ ನಂಬದಿರುವ ತೀರ್ಮಾನ ಬಹುಮಟ್ಟಿಗೆ ಕೊನೆಯ ತೀರ್ಮಾನವೇ ಸರಿ. ಹಳೆಯ ಕಾಯ್ದೆಯ 30ನೇ ಕಲಮಿನಂತೆ ಕಾನೂನಿನ ಮಹತ್ವದ ಪ್ರಶ್ನೆಯಿದ್ದರೆ ಮಾತ್ರ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದಾಗಿತ್ತು. 2016ರಲ್ಲಿ ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ, ಸಂಗತಿಗಳ ವಿಷಯದಲ್ಲಿ ಆಯುಕ್ತರೇ ಅಂತಿಮ ಅಧಿಕಾರಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಕ್ಲೀನರನನ್ನು ಆ ಒಂದು ಕೊಠಡಿಯಲ್ಲಿ ಒಮ್ಮೆ "ಸುಳ್ಳುಗಾರ" ಎಂದು ಬರೆದುಬಿಟ್ಟರೆ, ಅದನ್ನು ಅಳಿಸಲು ಮೇಲೆ ಹೆಚ್ಚು ಬಾಗಿಲುಗಳಿಲ್ಲ. ಹಳೆಯ ಮಾತನ್ನು ಎಷ್ಟು ಎಚ್ಚರದಿಂದ ಬಳಸಬೇಕು ಎಂಬ ಪ್ರಶ್ನೆಯ ತೂಕ ಇಲ್ಲಿದೆ.

ಕೇಳುವುದು ತಪ್ಪಲ್ಲ

ಕರುಣೆಯ ಹೆಸರಿನಲ್ಲಿ ನಾವು ಒಂದು ತಪ್ಪು ಮಾಡಬಾರದು. "ಪಾಪ, ಬಡವ, ಹಳೆಯ ಮಾತನ್ನು ಕೆದಕುವುದೇ ಕ್ರೂರತನ" ಎಂದು ಹೇಳಿಬಿಡುವುದು ಸುಲಭ. ಆದರೆ ಪ್ರಶ್ನಿಸುವ ಹಕ್ಕು ದುರ್ಬಲರ ಶತ್ರುವಲ್ಲ. ದಾನಿಯೇಲನ ಗ್ರಂಥದಲ್ಲಿ ಬರುವ ಸುಸನ್ನಳ ವೃತ್ತಾಂತವನ್ನು ನೆನೆಯಿರಿ. ಇಬ್ಬರು ಗೌರವಾನ್ವಿತ ಹಿರಿಯರ ಸಾಕ್ಷ್ಯವನ್ನು ಜನಸಭೆ ಪ್ರಶ್ನಿಸದೆ ನಂಬಿತ್ತು. ನಿರಪರಾಧಿಯಾದ ಸ್ತ್ರೀ ಮರಣದಂಡನೆಗೆ ಗುರಿಯಾಗಿದ್ದಳು. ಅವರಿಬ್ಬರನ್ನು ಬೇರೆ ಬೇರೆಯಾಗಿ ನಿಲ್ಲಿಸಿ "ಯಾವ ಮರದಡಿ ನೋಡಿದಿರಿ?" ಎಂದು ಕೇಳಿದ ಒಂದು ಪ್ರಶ್ನೆ ಅವಳನ್ನು ಬದುಕಿಸಿತು. ಅಲ್ಲಿ ಹೊಂದಿಕೆಯಾಗದ ಎರಡು ಮಾತುಗಳೇ ಸತ್ಯದ ದಾರಿಯನ್ನು ತೆರೆದವು.

ಪರಿಹಾರದ ಹಣವೂ ಆಕಾಶದಿಂದ ಉದುರುವುದಿಲ್ಲ. ಉತ್ತರ ಪ್ರದೇಶದಲ್ಲಿ ಮೋಟಾರು ಅಪಘಾತ ಮತ್ತು ಕಾರ್ಮಿಕ ಪರಿಹಾರದ ಹೆಸರಿನಲ್ಲಿ ಸಲ್ಲಿಕೆಯಾದ ನಕಲಿ ಅರ್ಜಿಗಳ ತನಿಖೆಗೆ ಅಲಹಾಬಾದ್ ಹೈಕೋರ್ಟ್ 2015ರಲ್ಲಿ ವಿಶೇಷ ತಂಡವನ್ನು ರಚಿಸಲು ಆದೇಶಿಸಿತು. 2021ರಲ್ಲಿ ಸುಪ್ರೀಂ ಕೋರ್ಟ್ ಸಹ ಆ ತನಿಖೆಯ ವಿಳಂಬವನ್ನು ಗಂಭೀರವಾಗಿ ಪರಿಗಣಿಸಿತು. ಪ್ರತಿಯೊಂದು ಸುಳ್ಳು ಅರ್ಜಿಯೂ ಮುಂದೆ ಬರುವ ನಿಜವಾದ ಗಾಯಾಳುವಿನ ಮೇಲೆ ಸಂಶಯದ ನೆರಳನ್ನು ಚೆಲ್ಲುತ್ತದೆ.

ಇನ್ನೊಂದು ಉದಾಹರಣೆಯನ್ನು ನೋಡಿ. ಹೆಂಡತಿ ಜೀವನಾಂಶ ಕೇಳಿದಾಗ ಒಬ್ಬಾತ ಪ್ರಮಾಣ ಮಾಡಿ, "ನನಗೆ ಕೆಲಸವೇ ಇಲ್ಲ, ಬಿಡಿಗಾಸಿನ ಗಳಿಕೆಯಿಲ್ಲ" ಎಂದು ಹೇಳಿರುತ್ತಾನೆ. ಅದೇ ಅವಧಿಯಲ್ಲಿ ಆದ ಗಾಯಕ್ಕೆ ಪರಿಹಾರ ಕೇಳುವಾಗ, "ತಿಂಗಳಿಗೆ 15,000 ರೂಪಾಯಿ ವೇತನವಿತ್ತು" ಎನ್ನುತ್ತಾನೆ. ಇಲ್ಲಿ ಹಳೆಯ ಸಾಕ್ಷ್ಯವನ್ನು ಎದುರಿಗಿಡುವುದು ಕ್ರೂರತನವೇ? ಎಷ್ಟುಮಾತ್ರಕ್ಕೂ ಅಲ್ಲ. ಅವನು ಈಗ ಹೇಳುತ್ತಿರುವುದು ನಿಜವಾದರೆ, ಅಂದು ಹೆಂಡತಿ ಮಕ್ಕಳ ತುತ್ತನ್ನು ಕಿತ್ತುಕೊಂಡಿದ್ದಾನೆ. ಅವನ ಎರಡು ಮಾತುಗಳ ನಡುವೆ ಮೂರನೆಯ ಒಬ್ಬಳು ನಿಂತಿದ್ದಾಳೆ. ಆದುದರಿಂದ ಕೇಳಬೇಕು. ಪ್ರಶ್ನೆ ಇರುವುದು ಹೇಗೆ ಕೇಳಬೇಕು ಎಂಬಲ್ಲಿ.

ತೋರಿಸಿ ಕೇಳು

1820ರಲ್ಲಿ ಇಂಗ್ಲೆಂಡಿನ ರಾಣಿ ಕ್ಯಾರೊಲೀನಳ ಮೇಲೆ ಲಾರ್ಡ್ಸ್ ಸಭೆಯಲ್ಲಿ ವಿಚಾರಣೆ ನಡೆಯಿತು. ಸಾಕ್ಷಿಯೊಬ್ಬನ ಹಳೆಯ ಬರಹದ ವಿಷಯವಾಗಿ ಅವನನ್ನು ಪ್ರಶ್ನಿಸುವ ಮುನ್ನ ಆ ಬರಹವನ್ನು ಅವನಿಗೆ ತೋರಿಸಬೇಕೇ ಎಂಬ ಚರ್ಚೆ ಎದ್ದಾಗ, ಮೊದಲು ತೋರಿಸಲೇಬೇಕು ಎಂದು ನ್ಯಾಯಾಧೀಶರು ಅಭಿಪ್ರಾಯಪಟ್ಟರು. ಇದರಿಂದ ಸುಳ್ಳುಗಾರ ಮುಂಚಿತವಾಗಿ ಎಚ್ಚೆತ್ತುಕೊಳ್ಳುತ್ತಾನೆ ಎಂಬ ಟೀಕೆ ಬಂದಿತು. 1854ರ ಇಂಗ್ಲಿಷ್ ಶಾಸನ ಮಧ್ಯದ ದಾರಿಯನ್ನು ಕಂಡುಕೊಂಡಿತು: ತೋರಿಸದೆಯೇ ಪ್ರಶ್ನಿಸಬಹುದು; ಆದರೆ ಆ ಬರಹದಿಂದ ಅವನ ಮಾತನ್ನು ಸುಳ್ಳಾಗಿಸಬೇಕೆಂದಿದ್ದರೆ, ಅದಕ್ಕೆ ಮುನ್ನ ಆ ಭಾಗಗಳ ಕಡೆಗೆ ಅವನ ಗಮನವನ್ನು ಸೆಳೆಯಲೇಬೇಕು. ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ರೂಪಿಸಿದ 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ 145ನೇ ಕಲಂ ಇದೇ ನಿಯಮವನ್ನು ನಮ್ಮಲ್ಲಿ ನೆಲೆಗೊಳಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 148ನೇ ಕಲಮಾಗಿ ಮುಂದುವರಿದಿದೆ. ಪರಿಹಾರದ ವಿಚಾರಣೆ ಸಿವಿಲ್ ದಾವೆಯಷ್ಟು ಬಿಗಿಯಾದ ವಿಧಿಗಳಿಂದ ನಡೆಯುವಂಥದಲ್ಲವಾದರೂ, ನ್ಯಾಯದ ಈ ಮೂಲಭೂತ ಮರ್ಯಾದೆ ಅಲ್ಲಿಯೂ ಸಲ್ಲತಕ್ಕದ್ದು.

ಇದು ವಕೀಲರ ತಾಂತ್ರಿಕ ವಿಧಿಯೆಂದು ತೋರಬಹುದು. ಆದರೆ ಇದರೊಳಗೆ ಒಂದು ನೈತಿಕ ತಿಳಿವು ಅಡಗಿದೆ. ಒಬ್ಬನ ಹಳೆಯ ಮಾತನ್ನು ಅವನ ಬೆನ್ನ ಹಿಂದೆ ಓದಿ ಅವನನ್ನು ಸುಳ್ಳುಗಾರನೆಂದು ತೀರ್ಮಾನಿಸಬೇಡ, ಅವನ ಮುಂದಿಡು, ಇಂಥ ಸಾಲು, ಇಂಥ ಮಾತು ಎಂದು ಬೆರಳಿಟ್ಟು ತೋರಿಸು, ಅವನು ವಿವರಿಸಲಿ, ಅನಂತರ ತೀರ್ಮಾನಿಸು. ಹಳೆಯ ಮಾತಿನಿಂದ ಮನುಷ್ಯನನ್ನು ಪರೀಕ್ಷಿಸಬಹುದು. ಆದರೆ ಆ ಮನುಷ್ಯನನ್ನೇ ಬದಿಗೊತ್ತಿ ಕಾಗದದೊಡನೆ ಮಾತ್ರ ಮಾತನಾಡುವಂತಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಮಾಚಬಾರದು. ಸಾಕ್ಷ್ಯ ಹೇಳಿದವನು ಕೇವಲ ಸಾಕ್ಷಿಯಾಗಿರದೆ ವ್ಯಾಜ್ಯದ ಕಕ್ಷಿದಾರನೇ ಆಗಿದ್ದರೆ, ಅವನ ಹಿಂದಿನ ಹೇಳಿಕೆಯನ್ನು "ಒಪ್ಪಿಗೆ" ಎಂದು ಪರಿಗಣಿಸಿ, ಅವನ ಮುಂದಿಡದೆಯೂ ಸ್ವತಂತ್ರ ಪುರಾವೆಯಾಗಿ ಬಳಸಬಹುದೆಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲಿಯೇ ಹೇಳಿದೆ. ಪರಿಹಾರ ಕೇಳುವ ಕಾರ್ಮಿಕ ಕಕ್ಷಿದಾರನೇ ಆದುದರಿಂದ ಈ ಅಸ್ತ್ರ ಅವನ ಮೇಲೆ ಸಲೀಸಾಗಿ ಬೀಳುತ್ತದೆ. ಆದರೆ ಒಪ್ಪಿಗೆ ಎಂಬುದು ಅಂತಿಮ ಪುರಾವೆಯಲ್ಲ, ಅದನ್ನು ತಪ್ಪೆಂದು ತೋರಿಸಿಕೊಡುವ ಅವಕಾಶ ಅವನಿಗಿದೆ ಎಂದೂ ಅದೇ ಕಾನೂನು ಹೇಳುತ್ತದೆ. ಕೇಳದೆ ಅವಕಾಶ ಎಲ್ಲಿಂದ ಬಂದೀತು? ಮುಂದಿಡದೆ ಬಳಸಲು ಕಾನೂನು ಅನುಮತಿ ಕೊಟ್ಟ ಕಡೆಯಲ್ಲೂ ಮುಂದಿಟ್ಟು ಬಳಸುವುದೇ ಧರ್ಮ. ಕಾನೂನು ಅನುಮತಿಸುವುದೆಲ್ಲವೂ ಮಾಡಲು ಯೋಗ್ಯವಾದುದೇ ಆಗಿರಬೇಕೆಂದಿಲ್ಲ.

ಕಾಗದದಲ್ಲಿರುವುದು ಯಾರ ಮಾತು?

ಹಳೆಯ ಸಾಕ್ಷ್ಯ ಎಂದೊಡನೆ ಸಾಕ್ಷಿಯ ಬಾಯಿಂದ ಬಂದ ಪ್ರತಿಯೊಂದು ಶಬ್ದವೂ ಅಲ್ಲಿದೆ ಎಂದು ನಾವು ಭಾವಿಸುತ್ತೇವೆ. ವಾಸ್ತವ ಹಾಗಿಲ್ಲ. ಸಣ್ಣ ಶಿಕ್ಷೆಯ ಸಮನ್ಸ್ ಪ್ರಕರಣಗಳಲ್ಲಿ ಸಾಕ್ಷ್ಯದ ಸಾರಾಂಶವನ್ನು ಟಿಪ್ಪಣಿ ಮಾಡಿಕೊಂಡರೆ ಸಾಕೆಂದು ದಂಡ ಪ್ರಕ್ರಿಯಾ ಸಂಹಿತೆಯ 274ನೇ ಕಲಂ ಹೇಳುತ್ತಿತ್ತು. 1923ರ ಪರಿಹಾರ ಕಾಯ್ದೆಯ 25ನೇ ಕಲಂ ಸಹ ಆಯುಕ್ತರು ಪ್ರತಿಯೊಬ್ಬ ಸಾಕ್ಷಿಯ ಮಾತಿನ ಸಾರವನ್ನು ಸಂಕ್ಷಿಪ್ತವಾಗಿ ಬರೆದುಕೊಳ್ಳಬೇಕೆಂದು ವಿಧಿಸಿತ್ತು. ಆದರೆ ಅದೇ ಕಲಂ ವೈದ್ಯರ ಸಾಕ್ಷ್ಯವನ್ನು ಮಾತ್ರ ಸಾಧ್ಯವಾದಷ್ಟೂ ಶಬ್ದಶಃ ದಾಖಲಿಸಬೇಕೆಂದು ಹೇಳಿತ್ತು. ಗಮನಿಸಿದಿರಾ? ಗಾಯವನ್ನು ಪರೀಕ್ಷಿಸಿದವರ ಮಾತು ಶಬ್ದಶಃ. ಗಾಯವನ್ನು ಅನುಭವಿಸಿದವನ ಮಾತು ಸಾರಾಂಶ. ವೈದ್ಯಶಾಸ್ತ್ರದ ಶಬ್ದ ಒಂದಿಷ್ಟು ಬದಲಾದರೂ ಅರ್ಥ ಕೆಡುತ್ತದೆ ಎಂಬುದು ಅದರ ಕಾರಣವಾಗಿದ್ದೀತು. ಆದರೆ ಬಡವನ ಮಾತಿನಲ್ಲಿಯೂ ಒಂದು ಶಬ್ದ ಬದಲಾದರೆ ಅರ್ಥ ಕೆಡುತ್ತದಲ್ಲವೇ?

ನಮ್ಮ ಕ್ಲೀನರ್ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ತಡವರಿಸುತ್ತಾ ಹೇಳಿದ್ದು, ಗ್ರಾಂಥಿಕ ಕನ್ನಡದ ಒಂದು ಅಚ್ಚುಕಟ್ಟಾದ ವಾಕ್ಯವಾಗಿ ಕಡತದಲ್ಲಿ ಕುಳಿತಿರಬಹುದು. "ಹೌದು", "ಇಲ್ಲ", "ಗೊತ್ತಿಲ್ಲ" ಎಂಬ ಅವನ ಉತ್ತರಗಳು ವಕೀಲರ ಪ್ರಶ್ನೆಯೊಡನೆ ಬೆರೆತು ಅವನದೇ ವಾಕ್ಯಗಳಂತೆ ದಾಖಲಾಗಿರಬಹುದು. ಕಾಗದದ ಮೇಲಿನ ಶಬ್ದಗಳನ್ನು ತೂಗುವಾಗ ಇದನ್ನು ಮರೆಯುವುದು ನ್ಯಾಯವಲ್ಲ.

ನೆನಪೂ ಕಲ್ಲಿನ ಮೇಲಿನ ಬರಹವಲ್ಲ. 1983ರಲ್ಲಿ ಗುಜರಾತಿನಿಂದ ಬಂದ ಒಂದು ಕ್ರಿಮಿನಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಎಂ.ಪಿ. ಠಕ್ಕರ್ ಅವರು ಸಾಕ್ಷಿಯ ಮನಸ್ಸನ್ನು ಬಿಡಿಸಿ ತೋರಿಸಿದರು. ಘಟನೆಯ ಚಿತ್ರ ಯಾರ ತಲೆಯಲ್ಲಿಯೂ ಛಾಯಾಚಿತ್ರದಂತೆ ಅಚ್ಚಾಗುವುದಿಲ್ಲ. ಅನಿರೀಕ್ಷಿತವಾಗಿ ಬಂದೆರಗಿದ ಘಟನೆ ಮನಸ್ಸನ್ನು ಕದಡಿಬಿಡುತ್ತದೆ. ಒಬ್ಬನ ಕಣ್ಣಿಗೆ ಬಿದ್ದದ್ದು ಇನ್ನೊಬ್ಬನ ಕಣ್ಣಿಗೆ ಬೀಳುವುದಿಲ್ಲ. ಹೊತ್ತು ಎಷ್ಟಾಗಿತ್ತು ಎಂಬುದನ್ನು ಜನರು ಅಂದಾಜಿನಿಂದಲೇ ಹೇಳುತ್ತಾರೆ. ಬೇಗ ಬೇಗನೆ ನಡೆದ ಸಂಗತಿಗಳ ಕ್ರಮ ಹಿಂದುಮುಂದಾಗುತ್ತದೆ. ಕೋರ್ಟಿನ ಗಾಂಭೀರ್ಯಕ್ಕೂ ಚುಚ್ಚುವ ಪಾಟೀಸವಾಲಿಗೂ ಬೆದರಿ, ಮೂರ್ಖನಂತೆ ಕಾಣುವೆನೆಂಬ ಭಯದಿಂದ, ಸತ್ಯವಂತನೂ ನೆನಪಿನ ತೂತುಗಳಿಗೆ ತೇಪೆ ಹಾಕುತ್ತಾನೆ. ಇಂಥ ಸಣ್ಣಪುಟ್ಟ ವ್ಯತ್ಯಾಸಗಳಿಂದ ಮೂಲ ಕಥನ ಸುಳ್ಳಾಗದು ಎಂಬುದು ಆ ತೀರ್ಪಿನ ಆಶಯ. ಒಂದರಲ್ಲಿ ಸುಳ್ಳಾಡಿದವನು ಎಲ್ಲದರಲ್ಲಿಯೂ ಸುಳ್ಳುಗಾರ ಎಂಬ ಹಳೆಯ ಲ್ಯಾಟಿನ್ ಸೂತ್ರವನ್ನು ನಮ್ಮ ಸುಪ್ರೀಂ ಕೋರ್ಟ್ 1957ರಿಂದಲೂ ಕಟ್ಟುನಿಟ್ಟಿನ ನಿಯಮವಾಗಿ ಸ್ವೀಕರಿಸಿಲ್ಲ. ಜೊಳ್ಳಿನಿಂದ ಕಾಳನ್ನು ಕೇರಿ ತೆಗೆಯುವುದು ನ್ಯಾಯಾಧೀಶರ ಕರ್ತವ್ಯ. ಕಣದಲ್ಲಿ ಮೊರ ಹಿಡಿದು ಕೇರಿದ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜೊಳ್ಳಿದೆಯೆಂದು ಅವರು ಎಂದೂ ಇಡೀ ರಾಶಿಯನ್ನು ಹೊರಗೆಸೆದವರಲ್ಲ.

ಮೂರು ಮಾತುಗಳನ್ನು ಕೇರಿದಾಗ

ಈ ಬೆಳಕಿನಲ್ಲಿ ಕ್ಲೀನರನ ಮೂರು ಮಾತುಗಳನ್ನು ಮತ್ತೊಮ್ಮೆ ಮೊರಕ್ಕೆ ಹಾಕೋಣ. "ನಿದ್ದೆಯಲ್ಲಿದ್ದೆ", "ಚಾಲಕನ ತಪ್ಪಿಲ್ಲ" ಎಂಬ ಮೊದಲೆರಡು ಮಾತುಗಳಿಗೂ ಪರಿಹಾರದ ಅರ್ಜಿಗೂ ವಿರೋಧವೇ ಇಲ್ಲ. ಏಕೆಂದರೆ ಪರಿಹಾರದ ಕಾನೂನು ಚಾಲಕನ ತಪ್ಪನ್ನು ಕೇಳುವುದೇ ಇಲ್ಲ. ಅವುಗಳನ್ನು ಎತ್ತಿ ತೋರಿಸಿ "ನೋಡಿ, ಇವನು ಮಾತು ಬದಲಿಸುವವನು" ಎಂದು ಸದ್ದು ಮಾಡುವುದು ಸತ್ಯದ ಶೋಧನೆಯಲ್ಲ. ಅದು ಮನುಷ್ಯನ ಮೇಲೆ ಕೆಸರೆರಚುವುದು.

ಮೂರನೆಯ ಮಾತು ಹಾಗಲ್ಲ. "ಊರಿಗೆ ಹೋಗುತ್ತಿದ್ದೆ" ಎಂಬುದು ಅವನು ಕೆಲಸಗಾರನೇ ಅಲ್ಲವೇ ಎಂಬ ಮೂಲ ಪ್ರಶ್ನೆಯನ್ನೇ ಮುಟ್ಟುತ್ತದೆ. ವಕೀಲರು ಅದನ್ನು ಅವನ ಮುಂದಿಡಲೇಬೇಕು. ಅದು ಅವರ ಕರ್ತವ್ಯ. ಯುವಕನೂ ಉತ್ತರಿಸಲೇಬೇಕು. ಅವನ ಉತ್ತರ ಒಂದೇ ಇರಲು ಸಾಧ್ಯ: "ಅಂದು ಸುಳ್ಳು ಹೇಳಿದೆ. ಅಣ್ಣನನ್ನು ಉಳಿಸಲು ಹೇಳಿದೆ. ಧಣಿ ಹೇಳಿಸಿದರು, ಹೇಳಿದೆ." ಈ ಉತ್ತರ ಅಗ್ಗವಾದುದಲ್ಲ. ಪ್ರಮಾಣ ಮಾಡಿ ಸುಳ್ಳು ಸಾಕ್ಷ್ಯ ನುಡಿಯುವುದು ಶಿಕ್ಷಾರ್ಹ ಅಪರಾಧ. ಹಾಗೆ ಒಪ್ಪಿಕೊಳ್ಳುವವನು ತನ್ನನ್ನೇ ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ. ಅವನ ತಪ್ಪನ್ನು ನಾವು ಕಡಿಮೆಯೆಂದು ಎಣಿಸಬೇಕಾಗಿಲ್ಲ. ಸ್ನೇಹಕ್ಕಾಗಿ ಹೇಳಿದ ಸುಳ್ಳೂ ಸುಳ್ಳೇ. ಆ ಚಾಲಕ ನಿಜವಾಗಿಯೂ ಅಜಾಗರೂಕನಾಗಿದ್ದರೆ, ನಾಳೆ ಅದೇ ತಿರುವಿನಲ್ಲಿ ಇನ್ನೊಬ್ಬರ ಮಗು ಅವನ ಚಕ್ರಕ್ಕೆ ಸಿಕ್ಕೀತು.

ಇಷ್ಟಾದ ಮೇಲೆ ಆಯುಕ್ತರ ಮುಂದೆ ಇರುವುದು ಎರಡು ಮಾತುಗಳು ಮಾತ್ರವಲ್ಲ. ಹಿಂದಿನ ಮಾತಿಗೂ ಹಿಂದಿನ ಮಾತೊಂದಿರಬಹುದು. ಅಪಘಾತದ ದಿನ ಆಸ್ಪತ್ರೆಗೆ ಹೊತ್ತು ತಂದಾಗ, ನೋವಿನ ನಡುವೆ, ಯಾರೂ ಹೇಳಿಕೊಡುವ ಮುನ್ನ, "ಲಾರಿಯ ಕ್ಲೀನರ್, ಕಲ್ಲು ಸಾಗಿಸುವಾಗ ಬಿದ್ದದ್ದು" ಎಂದು ಅವನು ವೈದ್ಯರಿಗೆ ಹೇಳಿದ್ದು ದಾಖಲೆಯಲ್ಲಿರಬಹುದು. ಘಟನೆಯ ಸುಮಾರಿಗೇ ಆಡಿದ ಇಂಥ ಮಾತು ಸಾಕ್ಷಿಯ ಇಂದಿನ ಮಾತಿಗೆ ಪುಷ್ಟಿ ಕೊಡಬಲ್ಲದೆಂದು ಸಾಕ್ಷ್ಯದ ಕಾನೂನೇ ಹೇಳುತ್ತದೆ. ಹಳೆಯ ಮಾತು ಇರಿಯುವ ಕತ್ತಿ ಮಾತ್ರವಲ್ಲ, ಕೈಹಿಡಿದು ಎತ್ತುವ ಊರುಗೋಲೂ ಹೌದು. ಜೊತೆಗೆ ಕಲ್ಲು ಹೇರಿದ ಕೂಲಿಗಳಿದ್ದಾರೆ, ಬಾಟಾ ಕೊಟ್ಟ ಚೀಟಿಗಳಿವೆ. ಆಯುಕ್ತರು ಇವೆಲ್ಲವನ್ನೂ ಒಟ್ಟಿಗೆ ತೂಗಿ, "ಇವನು ಅಂದು ಹಾಗೆ ಹೇಳಿದನೇ?" ಎಂದಷ್ಟೇ ಅಲ್ಲ, "ಅಂದು ಹಾಗೆ ಏಕೆ ಹೇಳಿದನು? ಆ ಸುಳ್ಳಿನಿಂದ ಲಾಭವಾದದ್ದು ಯಾರಿಗೆ?" ಎಂದೂ ಕೇಳಬೇಕು.

ಈ ಕೊನೆಯ ಪ್ರಶ್ನೆಗೆ ಉತ್ತರ ಹುಡುಕಿದಾಗ, ಅಲ್ಲಿಯವರೆಗೆ ಮೌನವಾಗಿ ಕುಳಿತಿದ್ದ ಒಬ್ಬರ ಕಡೆಗೆ ನಮ್ಮ ದೃಷ್ಟಿ ಹೊರಳುತ್ತದೆ. ಸುಳ್ಳನ್ನು ನುಡಿದದ್ದು ಕ್ಲೀನರ್, ನುಡಿಸಿದ್ದು ಧಣಿ. ಈಗ ಅದೇ ಧಣಿ ತನ್ನ ಆಕ್ಷೇಪಣೆಯಲ್ಲಿ, "ಇವನು ನನ್ನ ಕೆಲಸಗಾರನಲ್ಲ, ಅವನೇ ಕೋರ್ಟಿನಲ್ಲಿ ಹೇಳಿದ್ದಾನಲ್ಲ" ಎಂದು ಬರೆದರೆ, ತಾನು ತೋಡಿದ ಹೊಂಡಕ್ಕೆ ಇನ್ನೊಬ್ಬನನ್ನು ಎರಡು ಸಲ ನೂಕಿದಂತೆ. ಒಬ್ಬ ಬಡವನ ಬಾಯಿಂದ ಸುಳ್ಳು ಹೇಳಿಸಿ, ಅನಂತರ ಅದೇ ಸುಳ್ಳನ್ನು ಆಧಾರವಾಗಿಟ್ಟುಕೊಂಡು ಅವನ ಹಕ್ಕನ್ನು ನಿರಾಕರಿಸುವುದಕ್ಕಿಂತ ದೊಡ್ಡ ಅನ್ಯಾಯ ಪರಿಹಾರದ ಕಡತಗಳಲ್ಲಿ ಇನ್ನೊಂದಿರಲಾರದು. ತನ್ನ ಹಕ್ಕನ್ನು ಬಿಟ್ಟುಕೊಡುವೆನೆಂದು ಕೆಲಸಗಾರ ಒಪ್ಪಂದ ಬರೆದುಕೊಟ್ಟರೂ ಅದು ಶೂನ್ಯವೆಂದು 1923ರ ಕಾಯ್ದೆಯ 17ನೇ ಕಲಂ ಸಾರಿತ್ತು. ಅನ್ನ ಕೊಡುವವನ ಎದುರು ಬಡವನ ಒಪ್ಪಿಗೆ ಎಷ್ಟು ಸ್ವತಂತ್ರವಾದುದು ಎಂಬುದನ್ನು ಶಾಸನ ಬರೆದವರು ಬಲ್ಲವರಾಗಿದ್ದರು. ಆ ತಿಳಿವು ಸಾಕ್ಷ್ಯವನ್ನು ತೂಗುವವರ ಕೈಯಲ್ಲಿಯೂ ಇರಬೇಡವೇ?

ನಮ್ಮ ಮನೆಯ ಕಡತಗಳು

ಪ್ರಿಯ ವಾಚಕರೇ, ನಮ್ಮಲ್ಲಿ ಹೆಚ್ಚಿನವರು ಆ ಕೊಠಡಿಯನ್ನು ಎಂದೂ ಪ್ರವೇಶಿಸದಿರಬಹುದು. ಆದರೆ ನಮ್ಮಲ್ಲಿ ಕೆಲವರು ಕೆಲಸ ಮಾಡುವವರು, ಕೆಲವರು ಕೆಲಸ ಮಾಡಿಸುವವರು. ತೋಟದಲ್ಲಿ, ಅಂಗಡಿಯಲ್ಲಿ, ಕಟ್ಟಡದ ಕೆಲಸದಲ್ಲಿ ಆಳನ್ನಿಟ್ಟವರು ಈ ಒಂದು ಮಾತನ್ನು ನೆನಪಿಡಲಿ: ಅವನ ಹೆಸರು, ಕೂಲಿ, ಹಾಜರಿಯನ್ನು ಬರೆದಿಡಿ, ಅಪಘಾತವಾದಾಗ ಇದ್ದದ್ದನ್ನು ಇದ್ದಂತೆ ಹೇಳಲು ಬಿಡಿ, ನಿಮ್ಮ ಅನುಕೂಲಕ್ಕಾಗಿ ಅವನ ನಾಲಗೆಯನ್ನು ಬಾಡಿಗೆಗೆ ಪಡೆಯಬೇಡಿ. ಕೆಲಸಗಾರರು ನೆನಪಿಡಲಿ: ಮೊದಲ ಮಾತೇ ನಿಮ್ಮ ಆಸ್ತಿ, ದಯೆಗಾಗಲಿ ದಾಕ್ಷಿಣ್ಯಕ್ಕಾಗಲಿ ಅದನ್ನು ಮಾರಬೇಡಿ, ಓದದೆ ಸಹಿ ಹಾಕಬೇಡಿ. ಒಮ್ಮೆ ತಪ್ಪಿದ್ದರೆ, ಬೇರೊಬ್ಬರು ಕಾಗದ ಬಿಚ್ಚುವ ಮುನ್ನ ನಿಮ್ಮ ವಕೀಲರಿಗೆ ನೀವೇ ಹೇಳಿಬಿಡಿ. ತಾನಾಗಿಯೇ ಒಪ್ಪಿಕೊಂಡವನ ಮಾತಿಗೂ ಸಿಕ್ಕಿಬಿದ್ದು ಒಪ್ಪಿಕೊಂಡವನ ಮಾತಿಗೂ ತೂಕದಲ್ಲಿ ಬಹಳ ಅಂತರವಿದೆ.

ಕೋರ್ಟಿಗೆ ಹೋಗದ ನಮಗೂ ನಮ್ಮದೇ ಆದ ಕಡತಗಳುಂಟು. ಗಂಡ ಹತ್ತು ವರ್ಷಗಳ ಹಿಂದೆ ಕೋಪದಲ್ಲಿ ಆಡಿದ ಮಾತು ಹೆಂಡತಿಯ ಮನಸ್ಸಿನಲ್ಲಿ ದಿನಾಂಕ ಸಹಿತ ಭದ್ರವಾಗಿರುತ್ತದೆ. ಮಗ ಒಮ್ಮೆ ಹೇಳಿದ ಸುಳ್ಳನ್ನು ತಂದೆ ಅವನು ದೊಡ್ಡವನಾದ ಮೇಲೂ ಮರೆಯುವುದಿಲ್ಲ. ಅಣ್ಣತಮ್ಮಂದಿರ ಪಾಲಿನ ಮಾತು ಬಂದಾಗ, ಅಂದು ಅಪ್ಪನ ಮುಂದೆ ಏನು ಹೇಳಿದ್ದೆ ಎಂದು ಎಲ್ಲರೂ ದೃಢೀಕೃತ ಪ್ರತಿಗಳನ್ನು ಹೊರತೆಗೆಯುತ್ತೇವೆ. ಅದರಲ್ಲಿಯೂ ನಾವು ದಾಖಲಿಸಿಕೊಂಡದ್ದು ಅವರ ಪೂರ್ತಿ ಮಾತಲ್ಲ. ನಮ್ಮ ಮನಸ್ಸು ಮಾಡಿಕೊಂಡ ಸಾರಾಂಶ. ಪರಕೀಯರನ್ನು ವಿಚಾರಿಸುವ ನ್ಯಾಯಾಲಯ ಪಾಲಿಸಬೇಕಾದ ಮರ್ಯಾದೆಯನ್ನು ನಾವು ನಮ್ಮವರಿಗೆ ತೋರಿಸುತ್ತೇವೆಯೇ? ಹಳೆಯ ಮಾತನ್ನು ಮುಂದಿಟ್ಟು, "ಅಂದು ಹಾಗೆ ಹೇಳಿದ್ದೆಯಲ್ಲ, ಏಕೆ?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿದ್ದು ಆಲಿಸುತ್ತೇವೆಯೇ?

ಒಡೆದ ಮುತ್ತು ಮತ್ತೆ ಕೂಡದು ಎಂಬುದು ನಿಜ. ಆದರೆ ಮಾತು ಮುತ್ತಿನಂತಲ್ಲ; ಅದನ್ನು ಆಡಿದವನು ಇನ್ನೂ ನಮ್ಮ ಮುಂದೆ ನಿಂತಿದ್ದಾನೆ. ಅವನನ್ನು ಕೇಳಬಹುದು. ಅವನು ನಾಚಿಕೊಂಡು, ತಡವರಿಸಿ, ತಲೆ ತಗ್ಗಿಸಿ ಹೇಳುವ ಉತ್ತರವನ್ನು ನಂಬುವುದೋ ಬಿಡುವುದೋ ಆಮೇಲಿನ ಮಾತು. ಕೇಳದೆ ತೀರ್ಪು ಬರೆಯುವ ಹಕ್ಕು ಮಾತ್ರ ಯಾರಿಗೂ ಇಲ್ಲ.